ಬೆನ್ನಿಗೇರುವ ಬ್ಯಾಗು ಎಲ್ಲಿಯದು?

“ಉಮ್ಮಾ, ಕಾಲೇಜಿನ ಬ್ಯಾಗು ಅಷ್ಟು ಭಾರ ತಡೆಯುವುದಿಲ್ಲ. ಗಟ್ಟಿಯಾದದ್ದೊಂದು ಬೇಕು” ಎಂದಳು ಮಗಳು. ಗೆಳತಿಯರು ಮತ್ತು ಇಬ್ಬರು ಅಧ್ಯಾಪಕಿಯರ ಜೊತೆ ಅವಳು ಕುಮಾರಪರ್ವತ ಹತ್ತಲು ಹೊರಟಿದ್ದಳು. ಮೂರು ಲೀಟರ್ ನೀರು, ಬುತ್ತಿ, ಮಳೆ ಅಂಗಿ, ಒಂದು ಜೊತೆ ಬಟ್ಟೆ ಇಷ್ಟು ಹಿಡಿಯಬೇಕು. ಪೇಟೆಗೆ ಹೋದೆವು. ಅಂಗಡಿಯವರು ಕಡುನೀಲಿ ಬಣ್ಣದ ಒಂದು ಬ್ಯಾಗನ್ನು ಮೊಳೆಯಿಂದ ಇಳಿಸಿ ಕೊಟ್ಟರು. “ಇದು ನಮ್ಮ ದೇಶದ್ದೇ ಅಕ್ಕಾ, ಧೈರ್ಯವಾಗಿ ಕೊಂಡುಹೋಗಿ” ಎಂದರು. ನಾವೂ ಧೈರ್ಯವಾಗಿಯೇ ಕೊಂಡುಹೋದೆವು.

ಆ ಬೆಟ್ಟದ ತುದಿ 1,712 ಮೀಟರ್ ಎತ್ತರದಲ್ಲಿದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವ ದಾರಿಯಲ್ಲಿ ಹೆಗಲ ಪಟ್ಟಿಯ ಮೇಲಿನ ತುದಿ ಬುಡಸಮೇತ ಕಿತ್ತುಬಂತು. ಬ್ಯಾಗನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಇಳಿಯತೊಡಗಿದಳು. ಹಾಗೆ ಹಿಡಿದುಕೊಂಡರೆ ಕಾಲ ಬುಡ ಕಾಣಿಸುವುದಿಲ್ಲ. ಕಲ್ಲೊಂದರ ಮೇಲೆ ಜಾರಿ ಮೊಣಕಾಲು ಒಡೆದುಕೊಂಡಳು. ದೇವರ ದಯೆ, ಮೂಳೆಗೆ ಏನೂ ಆಗಿರಲಿಲ್ಲ.

ಮರುದಿನ ಆ ಬ್ಯಾಗನ್ನು ಒಳಮೈ ಹೊರಮೈ ಮಾಡಿ ನೋಡಿದೆ. ರವಿಕೆಯ ಕಂಕುಳಿಗೆ ನಾವು ಎರಡು ಸಲ ಹೊಲಿಗೆ ಓಡಿಸುತ್ತೇವಲ್ಲ, ಹತ್ತು ಕಿಲೋ ಹೊರಬೇಕಾದ ಪಟ್ಟಿಗೆ ಅಲ್ಲಿ ಒಂದೇ ಗೆರೆ ಹೊಲಿಗೆ ಇತ್ತು. ಮೂಲೆಯಲ್ಲಿ ಎಸೆದಿದ್ದ ಚೀಟಿಯನ್ನು ಹುಡುಕಿ ಓದಿದೆ. ದೊಡ್ಡ ಅಕ್ಷರದಲ್ಲಿ ನಮ್ಮ ದೇಶದ್ದೆನಿಸುವ ಹೆಸರು. ಅದರ ಕೆಳಗೆ ಇರುವೆಯ ಗಾತ್ರದ ಅಕ್ಷರಗಳಲ್ಲಿ ಬೇರೆಯೇ ಮಾತು: ಆಮದು ಮಾಡಿಕೊಂಡವರು ಇಂಥವರು.

ತಪ್ಪು ಅಂಗಡಿಯವರದ್ದು ಮಾತ್ರ ಎಂದು ಹೇಳಲಾರೆ. ಸೀರೆಯ ಅಂಚನ್ನು ತಿರುವಿ ತಿರುವಿ ನೋಡುವ ನಾನು ಬ್ಯಾಗಿನ ಒಳಗೆ ಕೈಹಾಕಿಯೂ ನೋಡಿರಲಿಲ್ಲ. ಆ ಮೇಲೆ ಈ ವಿಷಯದ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಬೆಟ್ಟ ಹತ್ತುವ ಮಕ್ಕಳಿರಬಹುದು. ಎನ್‌ಸಿಸಿ ಶಿಬಿರಕ್ಕೆ ಹೊರಟ ಮಗನಿರಬಹುದು. ಹಜ್ಜಿಗೆ ಹೊರಟ ಅತ್ತೆ ಮಾವ ಇರಬಹುದು. ಮಿನಾದ ಡೇರೆಯಿಂದ ಅರಫಾ, ಅಲ್ಲಿಂದ ಮುಝ್ದಲಿಫಾದ ಬಯಲಲ್ಲಿ ಒಂದು ರಾತ್ರಿ ಎಂದು ತಿರುಗುವ ಆ ದಿನಗಳಲ್ಲಿ ಸೂಟ್‌ಕೇಸು ಯಾವ ಕೆಲಸಕ್ಕೂ ಬಾರದು. ಬೆನ್ನ ಮೇಲಿನ ಸಣ್ಣ ಬ್ಯಾಗೇ ಆಗ ಮನೆ.

ಮೊದಲು ಹೆಸರಿನ ಗೊಂದಲ. ಹೆಸರು ನಮ್ಮ ದೇಶದ್ದಾದರೆ ಬ್ಯಾಗೂ ನಮ್ಮ ದೇಶದ್ದೇ ಎಂದುಕೊಳ್ಳಬೇಡಿ. ದೇಶದ ಹಳೆಯ ಸೂಟ್‌ಕೇಸು ಸಂಸ್ಥೆಗಳಲ್ಲಿ ಒಂದಾದ ವಿಐಪಿ ಬಾಂಗ್ಲಾದೇಶದ ಮೋಂಗ್ಲಾದಲ್ಲಿ ಕಾರ್ಖಾನೆ ತೆರೆದು ಬಟ್ಟೆಯ ಬ್ಯಾಗುಗಳನ್ನು ಅಲ್ಲಿ ಹೊಲಿಸಿತು. ಇನ್ನೊಂದು ಕಡೆ, ಫ್ರಾನ್ಸಿನ ಡೆಕಾಥ್ಲಾನ್ ಮಳಿಗೆಯಲ್ಲಿ ಪರದೇಶದ ಹೆಸರಿರುವ ಕೆಲವು ಸಾಮಾನುಗಳ ಚೀಟಿಯಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದಿರುತ್ತದೆ. ಇದರಲ್ಲಿ ಮೋಸವಿಲ್ಲ, ವ್ಯಾಪಾರ ನಡೆಯುವ ರೀತಿಯೇ ಹೀಗೆ. ನಮ್ಮ ದೇಶದ ಕೈಗಳಿಗೆ ಕೆಲಸ ಸಿಗಲಿ ಎಂಬ ಆಸೆಯಿಂದ ಕೊಳ್ಳುವವರು ಹೆಸರನ್ನು ಬಿಟ್ಟು ವಿಳಾಸವನ್ನು ಓದಬೇಕು, ಅಷ್ಟೇ.

ವಿಳಾಸ ಇರಲೇಬೇಕೆಂಬ ಕಾನೂನೇ ಇದೆ. ಪ್ಯಾಕ್ ಮಾಡಿ ಮಾರುವ ಸರಕುಗಳ ಬಗ್ಗೆ 2011ರಲ್ಲಿ ಬಂದ ನಿಯಮಗಳ ಪ್ರಕಾರ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್ ಇವೆಲ್ಲ ಚೀಟಿಯ ಮೇಲೆ ಇರಬೇಕು. ಹೊರಗಿನಿಂದ ಬಂದದ್ದಾದರೆ ಯಾವ ದೇಶದ್ದು ಎಂದೂ ಬರೆದಿರಬೇಕು. ಚೀಟಿಯಲ್ಲಿ ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿದ್ದರೆ ತಯಾರಿಸಿದವರು. ‘ಮಾರ್ಕೆಟೆಡ್ ಬೈ’ ಎಂದಷ್ಟೇ ಇದ್ದರೆ ಮಾರುವವರು. ಮಾರುವವರು ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ಹೊಲಿದವರೂ ಅಲ್ಲಿಯವರೆಂದಲ್ಲ. ‘ಇಂಪೋರ್ಟೆಡ್ ಬೈ’ ಕಂಡರೆ ಮಾತು ಮುಗಿಯಿತು. ಆನ್‌ಲೈನಿನಲ್ಲಿ ತರಿಸುವವರು ‘ಕಂಟ್ರಿ ಆಫ್ ಒರಿಜಿನ್’ ಎಂಬ ಸಾಲನ್ನು ಹುಡುಕಿ. 2020ರ ಗ್ರಾಹಕ ನಿಯಮಗಳ ನಂತರ ಅದನ್ನು ತೋರಿಸುವುದು ಕಡ್ಡಾಯ. ಆದರೆ ಅದು ಪುಟದ ಕೆಳಗೆಲ್ಲೋ ಅಡಗಿ ಕುಳಿತಿರುತ್ತದೆ. ಚೀಟಿಯೊಂದು, ಸರಕೊಂದು ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಮ್ಮಲ್ಲಿ ಒಳ್ಳೆಯದು ತಯಾರಾಗುವುದೇ ಇಲ್ಲವೇ? ಖಂಡಿತ ಆಗುತ್ತದೆ. ಬೆಟ್ಟ ಹತ್ತುವ ಹುಚ್ಚಿದ್ದ ಕೆಲವು ಯುವಕರು 1998ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ವೈಲ್ಡ್‌ಕ್ರಾಫ್ಟ್ ಇಂದು ದೇಶದೆಲ್ಲೆಡೆ ಗೊತ್ತಿರುವ ಹೆಸರು. 2020ರ ಕೊರೋನಾ ದಿನಗಳಲ್ಲಿ ಇದೇ ಸಂಸ್ಥೆ ಮಾಸ್ಕು ಮತ್ತು ವೈದ್ಯರ ರಕ್ಷಣಾ ಉಡುಪು ಹೊಲಿಸಿತ್ತು. ಹೊಲಿಗೆ ಯಂತ್ರ ಮತ್ತು ಹೊಲಿಯುವ ಕೈಗಳು ಇಲ್ಲೇ ಇದ್ದುದರಿಂದ ಅದು ಸಾಧ್ಯವಾಯಿತು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಎಂಬುದು ನಿಮಗೆ ಗೊತ್ತೇ ಇದೆ. ಮುಂಬೈಯ ಧಾರಾವಿಯ ಓಣಿಗಳಲ್ಲಿ ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಹುಡುಗರು ಒಂದೇ ಕೋಣೆಯಲ್ಲಿ ಮಲಗಿ, ಅದೇ ಕೋಣೆಯಲ್ಲಿ ಬ್ಯಾಗು ಹೊಲಿಯುತ್ತಾರೆ. ಆ ಬ್ಯಾಗುಗಳಿಗೆ ಹೆಸರೇ ಇರುವುದಿಲ್ಲ, ಅಥವಾ ಯಾರೋ ಕೊಟ್ಟ ಹೆಸರಿರುತ್ತದೆ. ಹೆಸರಿಲ್ಲದ್ದೆಲ್ಲ ಕಳಪೆ ಎಂದೇನೂ ಅಲ್ಲ. ಪರೀಕ್ಷಿಸಿ ಕೊಳ್ಳಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇಲ್ಲಿ ಹೊಲಿದ ಬ್ಯಾಗಿನ ಬಟ್ಟೆಯೂ ಇಲ್ಲಿಯದೇ ಆಗಿರಬೇಕೆಂದಿಲ್ಲ. ಸೂರತ್ತಿನಲ್ಲಿ ಪಾಲಿಸ್ಟರ್ ಬಟ್ಟೆ ಬೇಕಾದಷ್ಟು ನೇಯುತ್ತಾರೆ. ಆದರೆ ಬೆಟ್ಟದ ಬ್ಯಾಗಿಗೆ ಬಳಸುವ ಲೇಪ ಹಚ್ಚಿದ ಗಟ್ಟಿ ನೈಲಾನು ಅನೇಕ ಸಲ ಚೀನಾದಿಂದಲೋ ತೈವಾನಿನಿಂದಲೋ ಬರುತ್ತದೆ. ಜಿಪ್ಪಿನ ಕಥೆ ಇನ್ನೂ ಸ್ವಾರಸ್ಯದ್ದು. ಎಳೆಯುವ ಕೊಂಡಿಯ ಮೇಲೆ ವೈಕೆಕೆ ಎಂಬ ಮೂರಕ್ಷರ ಕಂಡಿದ್ದೀರಲ್ಲ, ಅದು 1934ರಲ್ಲಿ ಶುರುವಾದ ಜಪಾನಿನ ಕಂಪೆನಿ. ಅದರ ಕಾರ್ಖಾನೆ ಹರಿಯಾಣದ ಬಾವಲ್‌ನಲ್ಲೂ ಇದೆ. ಹಾಗಾಗಿ ನೂರಕ್ಕೆ ನೂರು ಸ್ವದೇಶಿ ಬ್ಯಾಗೇ ಬೇಕೆಂದು ಹಟ ಹಿಡಿದರೆ ಬರಿಗೈಯಲ್ಲಿ ಮನೆಗೆ ಬರಬೇಕಾದೀತು. ಕತ್ತರಿಸುವ, ಹೊಲಿಯುವ ಕೂಲಿ ಇಲ್ಲಿಯವರಿಗೆ ಸಿಕ್ಕಿದರೆ ನನ್ನ ಮಟ್ಟಿಗೆ ಸಮಾಧಾನ.

ನನಗೆ ಪರೀಕ್ಷೆ ಕಲಿಸಿದ್ದು ಬಸ್ ನಿಲ್ದಾಣದ ಹಿಂದೆ ಕೊಡೆ, ಬ್ಯಾಗು ರಿಪೇರಿ ಮಾಡುವ ಹಿರಿಯರೊಬ್ಬರು. ಕಿತ್ತ ಬ್ಯಾಗನ್ನು ಅವರ ಮುಂದಿಟ್ಟೆ. “ಇಲ್ಲಿ ನೋಡು ಮಗಳೇ” ಎಂದು ಪಟ್ಟಿಯ ತುದಿ ತೋರಿಸಿದರು. ಭಾರ ಬೀಳುವುದು ನಾಲ್ಕೇ ಜಾಗದಲ್ಲಿ, ಎರಡು ಪಟ್ಟಿಗಳ ಮೇಲಿನ ತುದಿ ಮತ್ತು ಕೆಳಗಿನ ತುದಿ. ಅಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಕತ್ತರಿ ಗೆರೆ ಹೊಲಿದಿರಬೇಕು, ಇಲ್ಲವೇ ಕಾಜಾ ಹೊಲಿದಂತೆ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದಿರಬೇಕು. ಪಟ್ಟಿಯನ್ನು ಬರೀ ಬಟ್ಟೆಯ ಅಂಚಿಗೆ ಸಿಕ್ಕಿಸಿದ್ದರೆ ಸಾಲದು, ಒಳಗೆ ಇನ್ನೊಂದು ಪದರ ಕೊಟ್ಟಿರಬೇಕು. “ಕಾಕಾ, ಅಂಗಡಿಯಲ್ಲಿ ಇಷ್ಟೆಲ್ಲ ನೋಡಲು ಬಿಡುತ್ತಾರಾ?” ಎಂದೆ. “ದುಡ್ಡು ಕೊಡುವುದು ನೀನಲ್ಲವಾ?” ಎಂದು ನಕ್ಕರು. ಅರ್ಧ ಗಂಟೆಯಲ್ಲಿ ಪಟ್ಟಿ ಹೊಲಿದುಕೊಟ್ಟರು. ಆ ಹೊಲಿಗೆ ಇಂದಿಗೂ ಬಿಟ್ಟಿಲ್ಲ, ಬ್ಯಾಗಿನ ಉಳಿದ ಭಾಗವೇ ಹರಿದಿದೆ.

ಹೊಲಿಗೆ ಬಲ್ಲ ನಮ್ಮ ಹೆಂಗಸರಿಗೆ ಈ ಪರೀಕ್ಷೆ ಕಷ್ಟವಲ್ಲ. ಬ್ಯಾಗಿನೊಳಗೆ ಕೈಹಾಕಿ ಬೆರಳಾಡಿಸಿ. ಬಟ್ಟೆಯ ಅಂಚು ನೂಲು ಬಿಟ್ಟು ಜೋತಾಡುತ್ತಿದ್ದರೆ ಬೇಡ. ಅಂಚಿಗೆ ಪಟ್ಟಿ ಕಟ್ಟಿ ಮುಚ್ಚಿದ್ದರೆ ಹೊಲಿದವರಿಗೆ ಕೆಲಸ ಗೊತ್ತಿದೆ. ಮೂಲೆಯಲ್ಲಿ ಜಿಪ್ಪು ತಡವರಿಸದೆ ತಿರುಗಬೇಕು. ಚೀಟಿಯಲ್ಲಿ 420ಡಿ, 600ಡಿ ಎಂದೆಲ್ಲ ಬರೆದಿರುತ್ತಾರೆ. ಡಿ ಎಂದರೆ ಡೆನಿಯರ್, ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅಂಕಿ ಹೆಚ್ಚಾದಂತೆ ನೂಲು ದಪ್ಪ. ಆದರೆ ದಪ್ಪ ಎಂದರೆ ಗಟ್ಟಿ ಎಂದೇ ಅಲ್ಲ. ಕಲ್ಲಿಗೆ ಉಜ್ಜಿದಾಗ 420ರ ನೈಲಾನು 600ರ ಪಾಲಿಸ್ಟರಿಗಿಂತ ಚೆನ್ನಾಗಿ ತಾಳುವುದುಂಟು. ಬಿಸಿಲಿಗೆ ಮಾತ್ರ ಪಾಲಿಸ್ಟರೇ ಮೇಲು.

ಅಳತೆಯ ವಿಷಯ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಟ್ಟೆ ಹೊಲಿಸಲು ಎದೆಯಳತೆ, ತೋಳಳತೆ ಕೊಡುವ ನಾವು ಬ್ಯಾಗು ಕೊಳ್ಳುವಾಗ ಲೀಟರ್ ಲೆಕ್ಕ ಮಾತ್ರ ಕೇಳುತ್ತೇವೆ. ಒಂದು ದಿನದ ತಿರುಗಾಟಕ್ಕೆ 20ರಿಂದ 30 ಲೀಟರ್, ಎರಡು ಮೂರು ದಿನಕ್ಕೆ 40ರಿಂದ 50 ಲೀಟರ್ ಸಾಕು. ಅದಕ್ಕಿಂತ ಮುಖ್ಯವಾದದ್ದು ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕುತ್ತಿಗೆಯ ಹಿಂದೆ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ನೇರದವರೆಗೆ ಟೇಪು ಹಿಡಿದು ಅಳೆಯಿರಿ. ಹೆಣ್ಣುಮಕ್ಕಳಿಗೆ ಅದು ಸಾಮಾನ್ಯವಾಗಿ 15ರಿಂದ 18 ಇಂಚು. ಗಂಡಸರ ಅಳತೆಗೆ ಮಾಡಿದ ದೊಡ್ಡ ಬ್ಯಾಗನ್ನು ಇಂಥ ಬೆನ್ನಿಗೆ ಹಾಕಿದರೆ ಸೊಂಟದ ಪಟ್ಟಿ ತೊಡೆಯ ಕಡೆ ಇಳಿದು, ಪೂರ್ತಿ ಭಾರ ಹೆಗಲಿಗೆ ಬೀಳುತ್ತದೆ. ಭಾರ ಹೊರಬೇಕಾದದ್ದು ಸೊಂಟ. ನಮ್ಮ ಅಜ್ಜಿಯರು ಕೊಡವನ್ನು ಸೊಂಟದಲ್ಲಿಟ್ಟದ್ದು ಸುಮ್ಮನೆಯೇ?

ಬುರ್ಖಾ ಹಾಕುವವರಿಗೆ ಇನ್ನೊಂದು ತೊಂದರೆ. ನುಣುಪು ಬಟ್ಟೆಯ ಮೇಲೆ ಹೆಗಲ ಪಟ್ಟಿ ಜಾರುತ್ತಲೇ ಇರುತ್ತದೆ. ಶಿರವಸ್ತ್ರದ ಅಂಚು ಪಟ್ಟಿಯಡಿ ಸಿಕ್ಕಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಎರಡು ಪಟ್ಟಿಗಳನ್ನು ಎದೆಯ ಮೇಲ್ಭಾಗದಲ್ಲಿ ಸೇರಿಸುವ ಅಡ್ಡಪಟ್ಟಿ ಇರುವ ಬ್ಯಾಗನ್ನೇ ಆರಿಸಿ. ಅದನ್ನು ಮೇಲೆ ಕೆಳಗೆ ಸರಿಸುವಂತಿರಬೇಕು. ಇಲ್ಲದಿದ್ದರೆ ರಿಪೇರಿಯವರ ಬಳಿ ಹೇಳಿ ಹಾಕಿಸಿಕೊಳ್ಳಿ, ದೊಡ್ಡ ಖರ್ಚಿನ ಕೆಲಸವಲ್ಲ.

ಕರಾವಳಿಯವರಿಗೂ ಮಲೆನಾಡಿನವರಿಗೂ ಮಳೆಗಾಲದ ಕಾಟ ಬೇರೆ. ಬ್ಯಾಗಿನ ಒಳಮೈಗೆ ನೀರು ತಡೆಯಲು ಪಾಲಿಯುರೆಥೇನ್ ಎಂಬ ಲೇಪ ಹಚ್ಚಿರುತ್ತಾರೆ. ತೇವದ ಗಾಳಿಯಲ್ಲಿ ಅದು ವರ್ಷಗಳಲ್ಲಿ ಅಂಟಂಟಾಗಿ, ಆಮೇಲೆ ಬಿಳಿ ಹೊಟ್ಟಿನಂತೆ ಉದುರುತ್ತದೆ. ಎಷ್ಟೇ ಒಳ್ಳೆಯ ಬ್ಯಾಗಾದರೂ ಕಪಾಟಿನೊಳಗೆ ಮಡಚಿ ತುರುಕಿ ಮೂರು ತಿಂಗಳು ಮರೆತರೆ ಇದೇ ಗತಿ. ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ತಣ್ಣೀರಿನಲ್ಲಿ ಮೃದುವಾಗಿ ತೊಳೆದು, ಎಲ್ಲ ಜಿಪ್ಪು ತೆರೆದು, ತಲೆಕೆಳಗಾಗಿ ನೆರಳಲ್ಲಿ ತೂಗುಹಾಕಿ. ಅಂದಹಾಗೆ, ಮಳೆಗೆ ಬರೀ ಲೇಪವನ್ನು ನಂಬಬೇಡಿ. ಹೊಲಿಗೆಯ ತೂತಿನಲ್ಲಿ ನೀರು ಇಳಿದೇ ಇಳಿಯುತ್ತದೆ. ಬಟ್ಟೆಯನ್ನು ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಮಗಳಿಗೆ ಎರಡನೆಯ ಬ್ಯಾಗು ಕೊಂಡಾಗ ಮೂರು ಅಂಗಡಿ ಅಲೆದೆವು. ತಯಾರಿಸಿದವರ ವಿಳಾಸ ಬೆಂಗಳೂರಿನದ್ದಿದ್ದ ಒಂದನ್ನು ಹಿಡಿದು, ಪಟ್ಟಿಯ ನಾಲ್ಕು ತುದಿ ನೋಡಿ, ಒಳಗೆ ಅಂಗಡಿಯಲ್ಲಿದ್ದ ನೀರಿನ ಬಾಟಲಿಗಳನ್ನೇ ತುಂಬಿಸಿ ಅವಳ ಬೆನ್ನಿಗೇರಿಸಿದೆ. ಕೆಲಸದ ಹುಡುಗ ಮುಖ ಸಿಂಡರಿಸಿಕೊಂಡು ನಿಂತಿದ್ದ. ಅವಳು ಅಂಗಡಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದಳು. ಬಿಲ್ಲು ಮತ್ತು ಚೀಟಿಯನ್ನು ಈ ಸಲ ಎಸೆಯಲಿಲ್ಲ, ರೇಷನ್ ಕಾರ್ಡಿನ ಜೊತೆ ಎತ್ತಿಟ್ಟಿದ್ದೇನೆ.