ಭಾಷೆಯ ಎಲ್ಲೆ, ವಿತರಣೆಯ ಎಲ್ಲೆ ಮತ್ತು ನಕಲಿ ಸಿ.ಡಿ.

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೇ ಹೆಚ್ಚಾಗಿರುವ ತಾಳವಾಡಿಯ ಬೆಟ್ಟಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ವರನಟ ರಾಜಕುಮಾರ್ ಅವರ ಊರಾದ ದೊಡ್ಡಗಾಜನೂರು ಇರುವುದು ಈ ಸೀಮೆಯಲ್ಲಿ. ಹಾಗಿದ್ದೂ ಚಿತ್ರವಿತರಣೆಯ ಲೆಕ್ಕದಲ್ಲಿ ಇದು ತಮಿಳುನಾಡು. ಪ್ರದರ್ಶನದ ಹಕ್ಕು ಮಾರಾಟವಾಗುವುದು ಪ್ರದೇಶದ ಲೆಕ್ಕದಲ್ಲಿಯೇ ಹೊರತು ಭಾಷೆಯ ಲೆಕ್ಕದಲ್ಲಿ ಅಲ್ಲ. ಮೈಸೂರು ಭಾಗದ ವಿತರಕನು ಕೊಂಡ ಹಕ್ಕು ರಾಜ್ಯದ ಗಡಿಯಲ್ಲಿ ಮುಗಿಯುತ್ತದೆ. ತಾಳವಾಡಿಗೆ ಚಾಮರಾಜನಗರವೇ ಹತ್ತಿರ, ತನ್ನದೇ ಜಿಲ್ಲೆಯ ಸತ್ಯಮಂಗಲವನ್ನು ಮುಟ್ಟಲು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು ಎಂಬುದು ಒಪ್ಪಂದಪತ್ರಕ್ಕೆ ಕಾಣುವುದಿಲ್ಲ.

ಅನಧಿಕೃತ ಪ್ರತಿಗಳ ಸಂಸ್ಕೃತಿಯನ್ನು ಈ ಬಿರುಕಿನ ಬಳಿ ನಿಂತು ನೋಡಬೇಕು. ಬಂಗಾಳಿ ಜನಪ್ರಿಯ ಸಿನಿಮಾ ಇದಕ್ಕೆ ಇನ್ನೂ ದೊಡ್ಡ ನಿದರ್ಶನ. 1965ರ ಯುದ್ಧದ ವೇಳೆ ಪಾಕಿಸ್ತಾನವು ಭಾರತೀಯ ಚಿತ್ರಗಳನ್ನು ತಡೆಯಿತು. 1971ರ ತರುವಾಯ ಬಾಂಗ್ಲಾದೇಶವೂ ಆ ತಡೆಯನ್ನು ಬಹುಕಾಲ ಉಳಿಸಿಕೊಂಡಿತು. ಕೊಲ್ಕತ್ತಾದ ಬಂಗಾಳಿ ಚಿತ್ರ ಢಾಕಾದ ಬಂಗಾಳಿಗೆ ಪರದೇಶದ ಸರಕಾಯಿತು. ಆ ತೆರವನ್ನು ತುಂಬಿದ್ದು ವಿಡಿಯೋ ಕ್ಯಾಸೆಟ್ಟು, ಆಮೇಲೆ ಸಿ.ಡಿ. ಇತ್ತ, 1989ರ ‘ಬೇದೇರ್ ಮೇಯೆ ಜೋಸ್ನಾ’ ಪಶ್ಚಿಮ ಬಂಗಾಳದಲ್ಲಿ ಅದೇ ನಾಯಕಿ ಅಂಜು ಘೋಷ್ ಅವರೊಂದಿಗೆ ಮರುನಿರ್ಮಾಣಗೊಂಡಿತು. ಒಂದೇ ಭಾಷೆಯೊಳಗೆ ರೀಮೇಕು! ಅಧಿಕೃತ, ಅನಧಿಕೃತ ಎಂಬ ಭೇದವೂ ಅಲ್ಲಿ ತೆಳು. ಸೆನ್ಸಾರ್ ಆದ ಚಿತ್ರದ ನಡುವೆ ಸೆನ್ಸಾರ್ ಆಗದ ತುಣುಕುಗಳನ್ನು ಅಂಟಿಸಿ ತೋರಿಸುತ್ತಿದ್ದ ಬಾಂಗ್ಲಾದೇಶದ ಪರಿಪಾಠವನ್ನು ಲೋಟೆ ಹೂಕ್ ‘ಕಟ್-ಪೀಸಸ್’ (2014) ಗ್ರಂಥದಲ್ಲಿ ವಿವರಿಸಿದ್ದಾರೆ.

ತಮಿಳುನಾಡು 2004ರಲ್ಲಿ ವಿಡಿಯೋ ನಕಲುಕೋರರನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ನಿರ್ಮಾಪಕನ ನಷ್ಟ ಸುಳ್ಳಲ್ಲ. ಬೆಂಗಳೂರಿನ ಚಿತ್ರಮಂದಿರದ ಪಕ್ಕದಲ್ಲೇ ನಕಲಿ ಸಿ.ಡಿ. ಕೊಳ್ಳುವವನಿಗೆ ಭಾಷೆಯ ನೆಪವಿಲ್ಲ. ಆದರೆ ಹಕ್ಕೇ ಮಾರಾಟವಾಗದ ಸೀಮೆಯ ಪ್ರೇಕ್ಷಕನನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 2006ರ ತಮಿಳು ಕಲಿಕಾ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿದ ಮೇಲೆ, ಶಾಲೆಯ ಹೊರಗೆ ಕಿವಿಗೆ ಬೀಳುವ ಕನ್ನಡದ ಬೆಲೆ ಹೆಚ್ಚಿತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳ ಪ್ರಾಥಮಿಕ ಶಿಕ್ಷಣದ ಮಾತಾಡುತ್ತದೆ. ಅವರ ಸಿನಿಮಾದ ಮಾತು ಅಲ್ಲಿಲ್ಲ. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿಯೂ ಅವರಿಲ್ಲ.

ಉಪಗ್ರಹದ ಸಂಕೇತಕ್ಕೆ ರಾಜ್ಯದ ಗಡಿ ಅಡ್ಡಬರಲಿಲ್ಲ. 1994ರಲ್ಲಿ ಆರಂಭವಾದ ಉದಯ ಟಿ.ವಿ. ಚೆನ್ನೈನ ಸನ್ ಸಮೂಹದ್ದೆಂಬುದು ಇಲ್ಲಿಯ ವಿನೋದ. ಈಗಿನ ಓಟಿಟಿ ವೇದಿಕೆಗಳಿಗೂ ಜಿಲ್ಲೆಯ ಗೆರೆ ಮುಖ್ಯವಲ್ಲ. ಕಾಡಂಚಿನ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಮತ್ತು ಚಂದಾಹಣ ಹೊಂದುವುದು ಮಾತ್ರ ಮುಖ್ಯ.