ವೈದ್ಯವೃತ್ತಿಯವರೂ ಲಸಿಕೆಯೂ

ಲಸಿಕೆಯ ವಿಷಯದಲ್ಲಿ ಶಂಕೆ ಎಂದೊಡನೆ ಅಕ್ಷರಜ್ಞಾನವಿಲ್ಲದ ಹಳ್ಳಿಗರ ಚಿತ್ರವೇ ಸುಶಿಕ್ಷಿತರ ಕಣ್ಣೆದುರು ನಿಲ್ಲುವುದು ವಾಡಿಕೆ. ಪರರಿಗೆ ಸೂಜಿ ಚುಚ್ಚುವವನು ತಾನೇ ಸೂಜಿಗೆ ಅಳುಕುವನೆಂದು ಯಾರೂ ಎಣಿಸುವುದಿಲ್ಲ. ಆದರೆ ವೈದ್ಯರಲ್ಲಿ, ದಾದಿಯರಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಸಹ, ತಾವು ಲಸಿಕೆ ಹಾಕಿಸಿಕೊಳ್ಳುವ ಪ್ರಸಂಗ ಬಂದಾಗ ಹಿಂಜರಿಕೆ ಕಂಡುಬರುವುದುಂಟು. ಅದನ್ನು ಅಜ್ಞಾನವೆಂದು ಕರೆದು ಮುಗಿಸುವಂತಿಲ್ಲ. ಪ್ರಮಾಣವನ್ನು ಕೇಳುವ ಶಂಕೆ ಒಂದು ಬಗೆ. ಅಪಾಯದ ನಡುವೆಯೇ ಬಾಳಿ ಅದಕ್ಕೆ ಒಗ್ಗಿಹೋದುದರಿಂದ ಹುಟ್ಟುವ ಉದಾಸೀನ ಇನ್ನೊಂದು. ಹೆಚ್ಚಾಗಿ ಚರ್ಚೆಗೆ ಬರುವುದು ಮೊದಲನೆಯದಾದರೂ ಹೆಚ್ಚು ಹಾನಿಕರವಾದುದು ಎರಡನೆಯದೇ ಎಂದು ತೋರುತ್ತದೆ.

2021ರ ಜನವರಿ 16ರಂದು ಭಾರತದಲ್ಲಿ ಕೋವಿಡ್ ಲಸಿಕೆಯ ಕಾರ್ಯ ಆರಂಭವಾದಾಗ ಮೊದಲ ಸರದಿ ಆರೋಗ್ಯ ಸಿಬ್ಬಂದಿಯದಾಗಿತ್ತು. ಅಂದೇ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ನಿವಾಸಿ ವೈದ್ಯರು, ತಮಗೆ ಕೋವ್ಯಾಕ್ಸಿನ್ ಬದಲು ಕೋವಿಶೀಲ್ಡ್ ಕೊಡಬೇಕೆಂದು ಮೇಲಧಿಕಾರಿಗಳಿಗೆ ಬರೆದರು. ಕೋವ್ಯಾಕ್ಸಿನ್‌ಗೆ ಅದೇ ತಿಂಗಳ 3ರಂದು ಅನುಮತಿ ದೊರೆತಿತ್ತು. ಆದರೆ ಅದು ರೋಗವನ್ನು ಎಷ್ಟರಮಟ್ಟಿಗೆ ತಡೆಯುತ್ತದೆಂಬುದನ್ನು ತೋರಿಸುವ ಮೂರನೆಯ ಹಂತದ ಪರೀಕ್ಷೆಯ ಅಂಕಿಗಳು ಆಗ ಹೊರಬಂದಿರಲಿಲ್ಲ. ಮಧ್ಯಂತರ ಫಲಿತಾಂಶ ಪ್ರಕಟವಾದುದು ಮಾರ್ಚ್ ತಿಂಗಳಲ್ಲಿ. ಈ ವೈದ್ಯರನ್ನು ಲಸಿಕೆಯ ವಿರೋಧಿಗಳೆನ್ನುವುದು ಅನ್ಯಾಯ. ಅವರು ಕೇಳಿದ್ದೂ ಒಂದು ಲಸಿಕೆಯನ್ನೇ. ಮೊದಲು ಪ್ರಮಾಣ, ಅನಂತರ ಔಷಧ ಎಂದು ತರಗತಿಯಲ್ಲಿ ಕಲಿಸಿದ್ದನ್ನು ಅವರು ಮರೆತಿರಲಿಲ್ಲ. ಹೊರಗಿನ ಜನಕ್ಕೆ ಮಾತ್ರ ಈ ಸೂಕ್ಷ್ಮವೆಲ್ಲ ಮುಟ್ಟದೆ, ‘ಡಾಕ್ಟರೇ ಬೇಡವೆಂದರಂತೆ’ ಎಂಬಷ್ಟೇ ಮುಟ್ಟಿದ್ದರೆ ಆಶ್ಚರ್ಯವಿಲ್ಲ. ವೈದ್ಯನ ಸಂದೇಹ ಅವನೊಬ್ಬನದಾಗಿ ಉಳಿಯುವುದಿಲ್ಲ.

ಇಂಥ ಸಂದೇಹಕ್ಕೆ ಉತ್ತರ ಹೇಳುವ ಒಂದು ಬಗೆಯನ್ನು ಮುಂಬಯಿಯೇ ಹಿಂದೆ ಕಂಡಿದೆ. 1896ರಲ್ಲಿ ಅಲ್ಲಿ ಪ್ಲೇಗು ತಲೆದೋರಿದಾಗ ವಾಲ್ಡೆಮಾರ್ ಹಾಫ್ಕಿನ್ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಬೈಕುಲಾ ಸೆರೆಮನೆಯಲ್ಲಿ ಪರೀಕ್ಷೆ ನಡೆದುದು ಅದರ ತರುವಾಯ. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಇದೇ ಲಸಿಕೆಯನ್ನು ಹಾಕಿಸಿಕೊಂಡರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಮಡಿದರು. ವಿಚಾರಣಾ ಮಂಡಲಿಯು ತಪ್ಪನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆ ಹೊರಿಸಿತು. ವಾಸ್ತವವಾಗಿ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಮತ್ತೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಹಾಫ್ಕಿನ್‌ನ ಪರವಾಗಿ ವಾದಿಸಿ ಅವನು ಕಳಂಕಮುಕ್ತನಾಗುವುದಕ್ಕೆ 1907ನೆಯ ಇಸವಿಯೇ ಬರಬೇಕಾಯಿತು. ಪರೇಲಿನ ಆ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟದ್ದು 1925ರಲ್ಲಿ. ವರ್ಷಗಟ್ಟಲೆ ಕಟ್ಟಿದ ವಿಶ್ವಾಸವನ್ನು ಒಂದು ಚಿಮುಟ ಕೆಡವಿತು.

ಇನ್ನು ಉದಾಸೀನದ ಮಾತು. ಇದಕ್ಕೆ ಹೆಪಟೈಟಿಸ್ ‘ಬಿ’ ಎಂಬ ಯಕೃತ್ತಿನ ವ್ಯಾಧಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅದರ ವೈರಾಣು ರಕ್ತದ ಮೂಲಕ ಹರಡುತ್ತದೆ. ಒಣಗಿದ ರಕ್ತದ ಕಲೆಯಲ್ಲಿ ಏಳು ದಿನಗಳವರೆಗಾದರೂ ಜೀವ ಹಿಡಿದಿರಬಲ್ಲದು. ರೋಗಿಗೆ ಬಳಸಿದ ಸೂಜಿ ಲಸಿಕೆ ಪಡೆಯದ ವೈದ್ಯನಿಗೋ ದಾದಿಗೋ ಚುಚ್ಚಿದರೆ, ಆ ರೋಗಿಯ ರಕ್ತದಲ್ಲಿ ವೈರಾಣು ಹೇರಳವಾಗಿದ್ದ ಪಕ್ಷದಲ್ಲಿ, ಸೋಂಕು ತಗಲುವ ಸಂಭವ ನೂರಕ್ಕೆ 30ರವರೆಗೂ ಇದೆ. ಎಚ್‌ಐವಿಯ ವಿಷಯದಲ್ಲಿ ಇದೇ ಸಂಭವ ಸಾವಿರಕ್ಕೆ ಸುಮಾರು 3 ಮಾತ್ರ. ಹೀಗಿದ್ದರೂ ಸೂಜಿ ಚುಚ್ಚಿದೊಡನೆ ವಿದ್ಯಾರ್ಥಿಯ ಎದೆ ನಡುಗುವುದು ಸಾಮಾನ್ಯವಾಗಿ ಎರಡನೆಯದನ್ನು ನೆನೆದು. ಲಸಿಕೆಯಿರುವುದಾದರೋ ಮೊದಲನೆಯದಕ್ಕೆ! ಅದು 1980ರ ದಶಕದಿಂದ ಲೋಕಕ್ಕೆ ಲಭ್ಯವಿದೆ. 1997ರಿಂದ ಹೈದರಾಬಾದಿನಲ್ಲಿಯೇ ಅಗ್ಗವಾಗಿ ತಯಾರಾಗಿ ಸಿಕ್ಕುತ್ತಿದೆ.

ಆದರೂ ಅದನ್ನು ಪೂರ್ಣವಾಗಿ ಪಡೆಯದವರು ಆಸ್ಪತ್ರೆಗಳಲ್ಲಿ ಏಕಿದ್ದಾರೆ? ಇದರ ಮೂರು ಚುಚ್ಚುಮದ್ದುಗಳಲ್ಲಿ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ ಬರುತ್ತದೆ. ಆರು ತಿಂಗಳಲ್ಲಿ ವಿದ್ಯಾರ್ಥಿ ಬೇರೆ ವಾರ್ಡಿಗೆ ಹೋಗಿರುತ್ತಾನೆ, ಇಲ್ಲವೆ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾನೆ. ಮೊದಲ ಚುಚ್ಚುಮದ್ದಿಗೆ ಶಿಬಿರ ನಡೆಸಿದವರು ಮೂರನೆಯದಕ್ಕೆ ಅವನನ್ನು ಹುಡುಕಿ ಕರೆಯುವುದಿಲ್ಲ. ಕೊನೆಯ ಚುಚ್ಚುಮದ್ದಾದ ಒಂದೆರಡು ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿ, ರಕ್ಷಣೆ ನಿಜವಾಗಿ ಉಂಟಾಗಿದೆಯೇ ಎಂದು ತಿಳಿಯಬೇಕಾದದ್ದೂ ಉಂಟು. ಅದಂತೂ ದೂರದ ಮಾತು. ಈ ವೈರಾಣುವಿನ ಮೇಲೆ ಉತ್ತರ ಬರೆದು ಅಂಕ ಗಳಿಸಿದ ವಿದ್ಯಾರ್ಥಿಯೇ ತನ್ನ ಮೂರನೆಯ ಚುಚ್ಚುಮದ್ದನ್ನು ಮರೆತಿರುವುದು ಅಪರೂಪವಲ್ಲ. ತಿಳಿವಳಿಕೆಯ ಕೊರತೆ ಇಲ್ಲಿ ಇಲ್ಲ. ಇಷ್ಟು ದಿನ ಏನೂ ಆಗಲಿಲ್ಲ, ಮುಂದೆಯೂ ಆಗದು ಎಂಬ ಭಾವನೆ ದಿನವೂ ರೋಗವನ್ನು ಕಾಣುವವರಲ್ಲಿಯೇ ಬೇಗ ಬೇರೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಿಂಜರಿಕೆಯ ಕಾರಣಗಳಲ್ಲಿ ಅವಿಶ್ವಾಸದ ಜೊತೆಗೆ ಈ ನಿಶ್ಚಿಂತೆಯನ್ನೂ ಅನುಕೂಲದ ಅಭಾವವನ್ನೂ ಎಣಿಸಿರುವುದು ಯುಕ್ತವಾಗಿದೆ.

ಇದಕ್ಕೆ ಉಪನ್ಯಾಸದಿಂದ ಪರಿಹಾರವಿಲ್ಲ. ಪ್ರವೇಶದ ದಿನವೇ ಹೆಸರು ಬರೆದುಕೊಂಡು, ಆರನೆಯ ತಿಂಗಳಲ್ಲಿ ಕರೆಕಳಿಸುವ ಒಂದು ದಾಖಲೆಪುಸ್ತಕ ಅದಕ್ಕಿಂತ ಹೆಚ್ಚು ಕೆಲಸ ಮಾಡೀತು. ಭಾರತದಲ್ಲಿ ಶಿಶುಗಳಿಗೆ ಈ ಲಸಿಕೆ ದೇಶಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಅನೇಕರು ಬಾಲ್ಯದ ರಕ್ಷಣೆಯಿಲ್ಲದೆಯೇ ವಾರ್ಡುಗಳನ್ನು ಪ್ರವೇಶಿಸುತ್ತಾರೆ. ವಿದ್ಯಾರ್ಥಿಗಳಿಗಾದರೂ ಕೇಳುವ ಬಾಯಿ ಇದೆ. ಅವರು ಬಳಸಿ ಬಿಸುಟ ಸೂಜಿಗಳನ್ನು ಬಳಿದು ಚೀಲಕ್ಕೆ ತುಂಬುವ ಗುತ್ತಿಗೆಯ ಕೆಲಸಗಾರರನ್ನು ಈ ಚರ್ಚೆಯಲ್ಲಿ ನೆನೆಯುವವರು ಕಡಿಮೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ, ಈ ತ್ಯಾಜ್ಯವನ್ನು ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ‘ಬಿ’ ಮತ್ತು ಧನುರ್ವಾಯುವಿನ ಲಸಿಕೆಯನ್ನು ಹಾಕಿಸುವುದು ಆಸ್ಪತ್ರೆಯ ಹೊಣೆ.