ಎದೆ ಡವಗುಟ್ಟಿದರೆ ರಕ್ತವನ್ನೂ ನೋಡಿ

"ಎದೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗಾಗುತ್ತದೆ ಅಣ್ಣ." ನನ್ನ ಕೊನೆಯ ತಂಗಿ ದೂರವಾಣಿಯಲ್ಲಿ ಹೀಗೆ ಹೇಳಿದಾಗ ಆಕೆಗೆ 47 ವರ್ಷ. ಮಹಡಿಯ ಮೆಟ್ಟಿಲು ಹತ್ತಿದರೆ, ನೀರಿನ ಕೊಡ ಎತ್ತಿದರೆ, ಕೆಲವೊಮ್ಮೆ ರಾತ್ರಿ ಮಲಗಿದಾಗಲೂ ಎದೆ ಡವಗುಟ್ಟುತ್ತಿತ್ತು. ಮಗಳ ಮದುವೆಯ ಚಿಂತೆ ಎಂದರು ಮನೆಯವರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದೆಲ್ಲ ಸಹಜವೆಂದರು ನೆರೆಯವರು. ಊರಿನ ವೈದ್ಯರೊಬ್ಬರು ನಿದ್ರೆಯ ಮಾತ್ರೆ ಬರೆದುಕೊಟ್ಟರು. ನಾನು ಆಕೆಯನ್ನು ನಗರಕ್ಕೆ ಕರೆಸಿ ಹೃದಯದ ತಪಾಸಣೆ ಮಾಡಿಸಿದೆ. ಇಸಿಜಿ, ಎಕೋ ಎರಡರಲ್ಲೂ ದೋಷ ಕಾಣಲಿಲ್ಲ. "ಎಲ್ಲ ಸರಿಯಾಗಿದೆಯಂತೆ, ಸುಮ್ಮನೆ ಹೆದರಬೇಡ" ಎಂದು ಬುದ್ಧಿ ಹೇಳಿ ಬಸ್ಸು ಹತ್ತಿಸಿದೆ.

ಎಂಟು ತಿಂಗಳ ನಂತರ ಆಕೆ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಆಗ ನೋಡಿದ ಯುವ ವೈದ್ಯೆ ಮಾಡಿದ ಮೊದಲ ಕೆಲಸವೆಂದರೆ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದ್ದು. ಒಳಭಾಗ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 6.8 ಗ್ರಾಂಗೆ ಇಳಿದಿತ್ತು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿದ್ದು, ಮೂರು ವರ್ಷಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಅದನ್ನು ಆಕೆ ಯಾರಲ್ಲೂ ಹೇಳಿಕೊಂಡಿರಲಿಲ್ಲ. ಅಣ್ಣನ ಮುಂದೆ ಆಡುವ ಮಾತಂತೂ ಅದಲ್ಲ. ಕೇಳಿದವರೂ ಇರಲಿಲ್ಲ. ಸೇವೆಯಲ್ಲಿದ್ದಾಗ ಮಹಿಳೆಯರ ರಕ್ತಹೀನತೆಯ ಶೇಕಡಾವಾರು ಅಂಕಿಗಳನ್ನು ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಎಷ್ಟೋ ಸಲ ಓದಿದ್ದ ನನಗೆ ಸ್ವಂತ ತಂಗಿಯ ಮುಖ ಬಿಳಿಚಿದ್ದು ಕಂಡಿರಲಿಲ್ಲ.

ಕಬ್ಬಿಣಾಂಶದ ಕೊರತೆಗೂ ಎದೆಬಡಿತಕ್ಕೂ ಇರುವ ನಂಟು ಮೂಲತಃ ಬೇಡಿಕೆ ಮತ್ತು ಪೂರೈಕೆಯದು. ಶ್ವಾಸಕೋಶದಿಂದ ಆಮ್ಲಜನಕವನ್ನು ದೇಹದ ಮೂಲೆಮೂಲೆಗೆ ಒಯ್ಯುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಅದರ ಪ್ರತಿಯೊಂದು ಅಣುವಿನಲ್ಲಿ ಕಬ್ಬಿಣದ 4 ಪರಮಾಣುಗಳಿದ್ದು, ಆಮ್ಲಜನಕ ಅಂಟಿಕೊಳ್ಳುವುದು ಅವುಗಳಿಗೇ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ನೂರು ಮಿಲಿಲೀಟರ್ ರಕ್ತದಲ್ಲಿ 14 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಸುಮಾರು 19 ಮಿಲಿಲೀಟರ್ ಆಮ್ಲಜನಕ ಸಾಗುತ್ತದೆ. ಅದು 7 ಗ್ರಾಂಗೆ ಇಳಿದರೆ ಸಾಗುವುದು ಅದರ ಅರ್ಧ ಮಾತ್ರ. ಆದರೆ ಮಿದುಳು, ಮೂತ್ರಪಿಂಡ, ಸ್ನಾಯುಗಳ ಬೇಡಿಕೆ ಅರ್ಧಕ್ಕೆ ಇಳಿಯುವುದಿಲ್ಲ. ಅರ್ಧ ಹೊರೆ ಹಿಡಿಸುವ ಗಾಡಿಯಲ್ಲಿ ಅಷ್ಟೇ ಸರಕು ಸಾಗಿಸಬೇಕಾದರೆ ಹೆಚ್ಚು ಸಲ ಓಡಾಡಲೇಬೇಕು.

ಹೃದಯ ಮಾಡುವುದೂ ಅದನ್ನೇ. ಪ್ರತಿ ಬಡಿತದಲ್ಲಿ ಹೆಚ್ಚು ರಕ್ತವನ್ನು ತಳ್ಳುತ್ತದೆ. ಬಡಿತಗಳ ಸಂಖ್ಯೆಯನ್ನೂ ಹೆಚ್ಚಿಸುತ್ತದೆ. ನಿಮಿಷಕ್ಕೆ 72 ಸಲ ಬಡಿಯುವ ಹೃದಯ ದಿನಕ್ಕೆ 1,03,680 ಸಲ ಬಡಿಯುತ್ತದೆ. ಅದು ನಿಮಿಷಕ್ಕೆ 100ಕ್ಕೆ ಏರಿದರೆ ದಿನದ ಮೊತ್ತ 1,44,000. ಅಂದರೆ ದಿನವೊಂದಕ್ಕೆ 40 ಸಾವಿರ ಬಡಿತಗಳ ಹೆಚ್ಚುವರಿ ದುಡಿಮೆ. ಕೊರತೆ ನಿಧಾನವಾಗಿ ಬೆಳೆದಾಗ ದೇಹ ಹೇಗೋ ಹೊಂದಿಕೊಳ್ಳುತ್ತದೆ. ಕುಳಿತಿದ್ದಾಗ ಏನೂ ಅನ್ನಿಸದೆ, ಶ್ರಮದ ಕೆಲಸಕ್ಕಿಳಿದಾಗ ಮಾತ್ರ ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಇಸಿಜಿಯಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ಹೃದಯದ ಮೇಲೆ ಹೊರೆಯಿಲ್ಲವೆಂದು ತಿಳಿಯಬಾರದು. ತೀವ್ರ ರಕ್ತಹೀನತೆ ವರ್ಷಗಟ್ಟಲೆ ಉಳಿದರೆ ಹೃದಯ ಹಿಗ್ಗುತ್ತದೆ, ಕೊನೆಗೆ ಸೋಲಲೂಬಹುದು. ಮೊದಲೇ ಹೃದ್ರೋಗವಿದ್ದವರಲ್ಲಿ ಈ ಅಪಾಯ ಬೇಗ ಎದುರಾಗುತ್ತದೆ.

ಇದು ಹೊಸ ಅರಿವೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿರುವ ಪಾಂಡುರೋಗದ ಅಧ್ಯಾಯವು ಆ ರೋಗದ ಪೂರ್ವಲಕ್ಷಣಗಳ ಸಾಲಿನಲ್ಲಿ ಹೃದಯಸ್ಪಂದನವನ್ನು ಹೆಸರಿಸುತ್ತದೆ. ಮಣ್ಣು ತಿನ್ನುವುದರಿಂದ ಬರುವ ಪಾಂಡುವನ್ನು ಪ್ರತ್ಯೇಕ ಬಗೆಯಾಗಿ ಎಣಿಸುತ್ತದೆ. ಕಬ್ಬಿಣ ಸೇರಿದ ಔಷಧಗಳನ್ನು ವಿಧಿಸುತ್ತದೆ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಚಪಲವನ್ನು ಇಂದಿನ ವೈದ್ಯಶಾಸ್ತ್ರ ಕಬ್ಬಿಣಾಂಶದ ಕೊರತೆಯ ಒಂದು ಲಕ್ಷಣವೆಂದೂ ಗುರುತಿಸುತ್ತದೆ. ಯುರೋಪಿನಲ್ಲಿ 1554ರಲ್ಲಿ ಯೊಹಾನ್ ಲಾಂಗೆ ಎಂಬ ಜರ್ಮನ್ ವೈದ್ಯ, ಮುಖ ಬಿಳಿಚಿಕೊಂಡು ಸ್ವಲ್ಪ ಅಲುಗಾಡಿದರೂ ಎದೆ ನಡುಗುತ್ತಿದ್ದ ಯುವತಿಯೊಬ್ಬಳ ಸ್ಥಿತಿಯನ್ನು ಬಹು ನಿಖರವಾಗಿ ವರ್ಣಿಸಿದ. ಆದರೆ ಆತ ಸೂಚಿಸಿದ ಮದ್ದು ಮದುವೆ! ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಸಿಡನ್‌ಹ್ಯಾಮ್ ಇಂಥ ರೋಗಿಗಳಿಗೆ ಕಬ್ಬಿಣದ ಪುಡಿಯನ್ನು ದ್ರಾಕ್ಷಾರಸದ ಮದ್ಯದಲ್ಲಿ ನೆನೆಸಿ ಕೊಡಲಾರಂಭಿಸಿದ. ಲಕ್ಷಣವನ್ನು ಕಣ್ಣಾರೆ ಕಂಡೂ ಕಾರಣವನ್ನು ಹೆಣ್ಣಿನ ಮನಸ್ಸಿನಲ್ಲೋ ವಯಸ್ಸಿನಲ್ಲೋ ಹುಡುಕುವ ಅಭ್ಯಾಸ ನಮ್ಮಲ್ಲೂ ಹೋಗಿಲ್ಲ.

ಈ ಅಭ್ಯಾಸದ ಬೆಲೆ ಎಷ್ಟೆಂಬುದನ್ನು ಅಂಕಿಅಂಶಗಳು ಸೂಚಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರು. 2015–16ರಲ್ಲಿ ಈ ಪ್ರಮಾಣ ಶೇ 53.1 ಇತ್ತು. ಕರ್ನಾಟಕದಲ್ಲಿ ಅದು ಶೇ 44.8ರಿಂದ ಶೇ 47.8ಕ್ಕೆ ಏರಿತು. ಬೆರಳ ತುದಿಯ ರಕ್ತದಿಂದ ಮಾಡಿದ ಈ ಅಳತೆಯ ಬಗ್ಗೆ ತಜ್ಞರಲ್ಲಿ ತಕರಾರಿದೆ. ರಕ್ತಹೀನತೆಗೆಲ್ಲ ಕಬ್ಬಿಣಾಂಶದ ಕೊರತೆಯೊಂದೇ ಕಾರಣವೂ ಅಲ್ಲ; ಬಿ12 ಜೀವಸತ್ವದ ಕೊರತೆ, ಸಿಕಲ್ ಸೆಲ್, ಥಲಸ್ಸೀಮಿಯಾದಂಥ ಆನುವಂಶಿಕ ರೋಗಗಳೂ ಇವೆ. ಇವನ್ನೆಲ್ಲ ಕಳೆದರೂ ಉಳಿಯುವ ಸಂಖ್ಯೆ ಚಿಕ್ಕದಲ್ಲ.

ಸರ್ಕಾರ ಸುಮ್ಮನೆ ಕುಳಿತಿತ್ತು ಎನ್ನುವಂತಿಲ್ಲ. ರಾಷ್ಟ್ರೀಯ ಮಟ್ಟದ ರಕ್ತಹೀನತೆ ತಡೆ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. 2013ರಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಬಂತು. 2018ರಲ್ಲಿ ಆರಂಭವಾದ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮ ವರ್ಷಕ್ಕೆ ಶೇಕಡಾ 3 ಅಂಶಗಳಷ್ಟು ಇಳಿಕೆಯ ಗುರಿ ಇಟ್ಟುಕೊಂಡಿತು. ಮಾತ್ರೆಗಳಿವೆ, ಹಂಚುವ ಆಶಾ ಕಾರ್ಯಕರ್ತೆಯರಿದ್ದಾರೆ. ಹಾಗಾದರೆ ತೊಡಕು ಎಲ್ಲಿದೆ?

ಹಲವು ವರ್ಷಗಳ ಹಿಂದೆ, ವಹಿಯ ಪ್ರಕಾರ ನೂರಕ್ಕೆ ನೂರು ಮಾತ್ರೆ ಹಂಚಿದ್ದ ಹಳ್ಳಿಯೊಂದಕ್ಕೆ ತಪಾಸಣೆಗೆ ಹೋಗಿದ್ದೆ. ಬಾಣಂತಿಯೊಬ್ಬಳು ಗೋಡೆಯ ಗೂಡಿನಿಂದ ಬಿಚ್ಚದ ಮಾತ್ರೆಪಟ್ಟಿಗಳನ್ನು ತೆಗೆದು ತೋರಿಸಿದಳು. "ಹೊಟ್ಟೆ ತೊಳಸುತ್ತೆ ಸಾರ್. ಮಗು ಕಪ್ಪಾಗುತ್ತೆ ಅಂತಾರೆ" ಎಂದಳು. ಮಾತ್ರೆ ಸುಳ್ಳು ದಾಖಲೆಯಾಗಿರಲಿಲ್ಲ. ಅದು ನಿಜಕ್ಕೂ ಅವಳ ಮನೆ ಸೇರಿತ್ತು. ಆದರೆ ಹೊಟ್ಟೆ ಸೇರಿರಲಿಲ್ಲ. ನನ್ನ ವರದಿಯಲ್ಲೂ ವಹಿಯ ಅಂಕಿಯೇ ಉಳಿಯಿತು, ಏಕೆಂದರೆ ನಮೂನೆಯಲ್ಲಿ ಬೇರೆ ಅಂಕಿಗೆ ಜಾಗವಿರಲಿಲ್ಲ. ನಾವು ಎಣಿಸಿದ್ದು ಹಂಚಿಕೆಯನ್ನು. ಎಣಿಸಬೇಕಾಗಿದ್ದದ್ದು ಅವಳ ಹಿಮೋಗ್ಲೋಬಿನ್ ಏರಿತೇ ಎಂಬುದನ್ನು. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಮಗುವಲ್ಲ. ಹೊಟ್ಟೆ ತೊಳಸಿದರೆ ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ನುಂಗುವ ದಾರಿಯೂ ಇದೆ ಎಂದು ಕುಳಿತು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷಕ್ಕೆ ನಮ್ಮ ಯೋಜನೆಗಳಲ್ಲಿ ಲೆಕ್ಕಶೀರ್ಷಿಕೆಯಿಲ್ಲ.

ಊಟದ ಮಾತೂ ಇಲ್ಲಿ ಬರುತ್ತದೆ. ರಾಗಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣಾಂಶವಿದ್ದರೂ ಅದರ ಅಲ್ಪಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮಾಂಸದಲ್ಲಿರುವುದು ಇದಕ್ಕಿಂತ ಸುಲಭವಾಗಿ ಸೇರುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಆ ಅಲ್ಪಭಾಗವನ್ನೂ ತಡೆಯುತ್ತವೆ. ಲೋಟ ಕಾಫಿಯನ್ನು ಒಂದೆರಡು ಗಂಟೆ ಮುಂದೂಡಿ, ಪಲ್ಯಕ್ಕೆ ನಿಂಬೆರಸ ಹಿಂಡಿದರೆ, ನೆಲ್ಲಿಕಾಯಿಯೋ ಸೀಬೆಹಣ್ಣೋ ಜತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಕಾಳು, ರಾಗಿಯನ್ನು ಮೊಳಕೆ ಕಟ್ಟಿಸುವುದೂ ಒಳ್ಳೆಯದು. ಆದರೆ ಗರ್ಭಧಾರಣೆಯೊಂದಕ್ಕೆ ಸುಮಾರು 1,000 ಮಿಲಿಗ್ರಾಂ ಹೆಚ್ಚುವರಿ ಕಬ್ಬಿಣ ಬೇಕೆಂಬುದನ್ನೂ, ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ ಎಂಬುದನ್ನೂ ನೆನೆದರೆ, ಕೊರತೆ ಆಳವಾದ ಮೇಲೆ ಸೊಪ್ಪುಸಾರಿನಿಂದಷ್ಟೇ ಅದು ತುಂಬದು ಎಂಬುದು ಸ್ಪಷ್ಟ.

ಎದೆಬಡಿತಕ್ಕೆಲ್ಲ ರಕ್ತಹೀನತೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಥೈರಾಯ್ಡ್ ಗ್ರಂಥಿಯ ಏರುಪೇರು, ಹೃದಯದ ಲಯದೋಷ, ಆತಂಕ ಎಲ್ಲವೂ ಇರಬಹುದು. ಬಡಿತದ ಜತೆ ಎದೆನೋವು, ತಲೆಸುತ್ತಿ ಬೀಳುವುದು, ಲಯ ತಪ್ಪಿದ ಬಡಿತ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪುರುಷರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣಾಂಶ ಇಳಿದಿದ್ದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸದೆ ಮಾತ್ರೆ ನುಂಗಿ ಸುಮ್ಮನಾಗಬಾರದು. ನನ್ನ ಬೇಡಿಕೆ ಇಷ್ಟೇ: ಹೆಣ್ಣುಮಗಳೊಬ್ಬಳು ಎದೆ ಡವಗುಟ್ಟುತ್ತದೆ ಎಂದಾಗ ನಿದ್ರೆಯ ಮಾತ್ರೆಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆಯಾಗಲಿ, ಅದು ಸರಿಯಿದ್ದೂ ಸುಸ್ತು ಉಳಿದರೆ, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯಾಗಲಿ. ಮುಟ್ಟಿನ ಬಗ್ಗೆ ವೈದ್ಯರು ಕೇಳಲಿ. ಆರೋಗ್ಯ ಇಲಾಖೆಯ ನಮೂನೆಯಲ್ಲಿ 'ಹಂಚಿದ ಮಾತ್ರೆ' ಎಂಬ ಅಂಕಣದ ಪಕ್ಕದಲ್ಲಿ 'ಮೂರು ತಿಂಗಳ ನಂತರದ ಹಿಮೋಗ್ಲೋಬಿನ್' ಎಂಬ ಇನ್ನೊಂದು ಅಂಕಣ ಬರಲಿ.

ತಂಗಿಗೆ ರಕ್ತ ಕೊಡಿಸಿ, ಗಡ್ಡೆಗೆ ಚಿಕಿತ್ಸೆ ಮಾಡಿಸಿ, ದಾಸ್ತಾನು ತುಂಬುವವರೆಗೆ ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿಸಿದ್ದಾಯಿತು. ಎದೆಯ ಒನಕೆ ನಿಂತಿದೆ. ಕಳೆದ ಯುಗಾದಿಗೆ ಬಂದವಳು ನಮ್ಮ ಮನೆಯ ಎರಡು ಮಹಡಿಗಳನ್ನು ನನಗಿಂತ ಮೊದಲು ಹತ್ತಿ ಮೇಲೆ ನಿಂತಿದ್ದಳು. "ಆಗಲೇ ಯಾರಾದರೂ ರಕ್ತ ನೋಡಿದ್ದರೆ ಆಗುತ್ತಿತ್ತಲ್ಲ ಅಣ್ಣ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.